ಹೊಲ ಬೇರೆ, ತೊಗರಿ ಬೇರೆ: ಲ್ಯಾಂಡ್ ಕಾರ್ಡಿನ ಬಣ್ಣ ನನಗೆ ತಿಳಿದದ್ದು ಹೀಗೆ

ಕಲಬುರಗಿಯಲ್ಲಿ ನಾವು ನಾಲ್ಕು ಜನ ಮ್ಯಾಜಿಕ್: ದ ಗ್ಯಾದರಿಂಗ್ ಅನ್ನುವ ಕಾರ್ಡ್ ಆಟ ಆಡುತ್ತೇವೆ. ಬೇಸಿಗೆಯಲ್ಲಿ ರಾತ್ರಿ ಊಟ ಆದ ಮೇಲೆ ನಮ್ಮ ಮಾಳಿಗೆಯ ಮೇಲೆ ಚಾಪೆ ಹಾಸಿ ಕೂರುತ್ತೇವೆ. ಅಸಲಿ ಕಾರ್ಡ್‌ಗಳಿಗೆ ಜಾಸ್ತಿ ದುಡ್ಡು ಬೇಕು. ಅದಕ್ಕೆ ಹೊಸ ಡೆಕ್ (ಆಡುವ ಕಾರ್ಡ್‌ಗಳ ಕಟ್ಟು) ಕಟ್ಟುವಾಗ ಮೊದಲು ಕಪ್ಪು-ಬಿಳುಪಿನಲ್ಲಿ ಜೆರಾಕ್ಸ್ ಮಾಡಿಸುತ್ತೇನೆ. ಕತ್ತರಿಸಿ, ಹಳೇ ಕಾರ್ಡಿನ ಮೇಲೆ ಇಟ್ಟು, ಪ್ಲಾಸ್ಟಿಕ್ ಕವರ್‌ನಲ್ಲಿ ತೂರಿಸಿ ಆಡಿ ನೋಡುತ್ತೇನೆ. ಬಣ್ಣದ ನಿಯಮ ನನಗೆ ಸರಿಯಾಗಿ ಗೊತ್ತಾಗಿದ್ದು ಬಣ್ಣವೇ ಇಲ್ಲದ ಈ ಜೆರಾಕ್ಸ್‌ಗಳಿಂದ.

ಅಲ್ಲಿಯ ತನಕ ಫಾರೆಸ್ಟ್ ಅಂದರೆ ಹಸಿರು, ಮೌಂಟನ್ ಅಂದರೆ ಕೆಂಪು ಅಂತಲೇ ನಂಬಿದ್ದೆ. ಇವೆರಡೂ ಲ್ಯಾಂಡ್‌ಗಳು, ಅಂದರೆ ಬೇರೆ ಕಾರ್ಡ್ ಹಾಕಲು ಬೇಕಾದ ಮಾನಾ ಅನ್ನುವ ಶಕ್ತಿ ಕೊಡುವ ಕಾರ್ಡ್‌ಗಳು. ಒಂದು ರಾತ್ರಿ 7 ಮಾನಾ ಕೂಡಿಸಿ ಆಲ್ ಈಸ್ ಡಸ್ಟ್ ಹಾಕಿದೆ. ಆಟಕ್ಕೆ ಇಳಿದಿರುವ, ಬಣ್ಣ ಇರುವ ಕಾರ್ಡ್‌ಗಳನ್ನೆಲ್ಲ ಎಲ್ಲರೂ ಬಲಿ ಕೊಡಬೇಕು ಅನ್ನುವ ಕಾರ್ಡ್ ಅದು. ಮಾಮನ ಮಗ ತನ್ನ ಕ್ರೀಚರ್‌ಗಳನ್ನೆಲ್ಲ, ಅಂದರೆ ಹೊಡೆದಾಡುವ ಕಾರ್ಡ್‌ಗಳನ್ನೆಲ್ಲ, ತೆಗೆದ. ಫಾರೆಸ್ಟ್‌ಗಳನ್ನು ಮುಟ್ಟಲಿಲ್ಲ.

"ಅವೂ ತಗಿಯೋ, ಹಸರು ಅವಲ್ಲ?" ಅಂದೆ.

ಅವನು ಒಂದು ಜೆರಾಕ್ಸ್ ಫಾರೆಸ್ಟ್ ನನ್ನ ಕೈಗೆ ಕೊಟ್ಟ. "ಹಸರು ಎಲ್ಲದ ತೋರ್ಸಣ್ಣ" ಅಂದ.

ಬಲಗಡೆ ಮೇಲಿನ ಮೂಲೆ ನೋಡಿದೆ. ಖಾಲಿ. ಕಾರ್ಡಿನ ಬಣ್ಣ ಬರುವುದು ಆ ಮೂಲೆಯಲ್ಲಿರುವ ಮಾನಾ ಬೆಲೆಯಿಂದ. ಅಲ್ಲಿ ಸೂರ್ಯ ಇದ್ದರೆ ಬಿಳಿ, ನೀರಹನಿ ಇದ್ದರೆ ನೀಲಿ, ತಲೆಬುರುಡೆ ಇದ್ದರೆ ಕಪ್ಪು, ಬೆಂಕಿ ಇದ್ದರೆ ಕೆಂಪು, ಮರ ಇದ್ದರೆ ಹಸಿರು. ಲ್ಯಾಂಡ್‌ಗೆ ಬೆಲೆಯೇ ಇಲ್ಲ, ಹಾಗಾಗಿ ಬಣ್ಣವೂ ಇಲ್ಲ. ಫಾರೆಸ್ಟ್ ಮೇಲಿರುವ ದೊಡ್ಡ ಮರದ ಗುರುತು ಅದು ಕೊಡುವ ಮಾನಾದ್ದು. ನಮ್ಮದು ಎರೆ ಹೊಲ, ಅಪ್ಪ ತೊಗರಿ ಹಾಕುತ್ತಾರೆ. ಹೊಲ ತೊಗರಿ ಕೊಡುತ್ತದೆ, ಹಾಗಂತ ಹೊಲವೇ ತೊಗರಿ ಅಲ್ಲ ಅಲ್ವಾ? ಹೊಸಬರಿಗೆ ಈಗ ನಾನು ಹೀಗೇ ಹೇಳಿಕೊಡುತ್ತೇನೆ, ತಕ್ಷಣ ಹತ್ತುತ್ತದೆ.

ಬ್ಲಡ್ ಮೂನ್ ಅನ್ನುವ ಕಾರ್ಡ್ ಬಂದರೂ ಇದೇ ಲೆಕ್ಕ. ಫಾರೆಸ್ಟ್, ಮೌಂಟನ್ ಥರದ ಬೇಸಿಕ್ ಲ್ಯಾಂಡ್ ಬಿಟ್ಟು ಉಳಿದ ಲ್ಯಾಂಡ್‌ಗಳು ಮೌಂಟನ್ ಆಗುತ್ತವೆ, ಕೆಂಪು ಮಾನಾ ಕೊಡುತ್ತವೆ, ಕೆಂಪಾಗುವುದಿಲ್ಲ. ಕ್ರೀಚರ್ ಆಗಿ ಎದ್ದು ಹೊಡೆದಾಡುವ ಲ್ಯಾಂಡ್‌ಗಳಲ್ಲಿ ಮಾತ್ರ ಒಂದೊಂದನ್ನೂ ಓದಬೇಕು. ಕ್ರೀಪಿಂಗ್ ಟಾರ್ ಪಿಟ್ ಎದ್ದಾಗ ನೀಲಿ-ಕಪ್ಪು ಕ್ರೀಚರ್ ಆಗುತ್ತದೆ ಅಂತ ಅದರಲ್ಲೇ ಬರೆದಿದೆ. ಕ್ರೀಚರ್ ಕೊಲ್ಲುವ ಡೂಮ್ ಬ್ಲೇಡ್ ಕಾರ್ಡ್ ಕಪ್ಪು ಕ್ರೀಚರ್ ಮುಟ್ಟುವುದಿಲ್ಲ, ಹಾಗಾಗಿ ಅದು ಉಳಿಯುತ್ತದೆ. ಮ್ಯುಟಾವಾಲ್ಟ್ ಅನ್ನುವ ಲ್ಯಾಂಡ್‌ನಲ್ಲಿ ಬಣ್ಣದ ಮಾತೇ ಇಲ್ಲ, ಅದು ಎದ್ದರೆ ಡೂಮ್ ಬ್ಲೇಡ್‌ಗೆ ಹೋಗುತ್ತದೆ.

ನನಗೆ ಜಾಸ್ತಿ ದಿನ ಹಿಡಿದದ್ದು ಮ್ಯಾಜಿಕ್‌ನ ಇನ್ನೊಂದು ಬಗೆಯಾದ ಕಮಾಂಡರ್ ಆಟದ ಕಲರ್ ಐಡೆಂಟಿಟಿ. 100 ಕಾರ್ಡಿನ ಡೆಕ್, ಅದರ ನಾಯಕ ಕಾರ್ಡ್ ಆದ ಕಮಾಂಡರ್‌ನ ಬಣ್ಣ ದಾಟುವ ಹಾಗಿಲ್ಲ. ಇಲ್ಲಿ ಮೂಲೆಯ ಬೆಲೆ ನೋಡಿದರೆ ಸಾಲದು, ಕಾರ್ಡಿನ ಬರಹದೊಳಗಿನ ಮಾನಾ ಗುರುತೂ ಲೆಕ್ಕಕ್ಕೆ ಬರುತ್ತದೆ. ಅಂದರೆ ಬಣ್ಣವಿಲ್ಲದ ಲ್ಯಾಂಡ್‌ಗೂ ಐಡೆಂಟಿಟಿ ಇರಬಹುದು. ನನ್ನದು ಹಸಿರು-ಬಿಳಿ ಡೆಕ್. ಅದರಲ್ಲಿ ಬ್ರೀಡಿಂಗ್ ಪೂಲ್ ಅನ್ನುವ ಲ್ಯಾಂಡ್ ಹಾಕಿದ್ದೆ. ಅದರ ನೀರಹನಿ ಕಂಸದೊಳಗಿದೆ, ಕಂಸದಲ್ಲಿ ನಿಯಮ ನೆನಪಿಸಲು ಬರೆದ ಮಾತು ಲೆಕ್ಕಕ್ಕಿಲ್ಲ ಅನ್ನುವುದು ನನ್ನ ವಾದ. ಆ ಮಾತು ನಿಜವೇ. ಆದರೆ ಚಿತ್ರದ ಕೆಳಗೆ ಜಾತಿ ಬರೆಯುವ ಸಾಲಿನಲ್ಲಿ ಫಾರೆಸ್ಟ್ ಐಲ್ಯಾಂಡ್ ಅಂತ ಇದೆ. ಐಲ್ಯಾಂಡ್ ಅನ್ನುವ ಜಾತಿ ಇದ್ದರೆ ನೀಲಿ ಮಾನಾ ಬಂದೇ ಬರುತ್ತದೆ, ಅಂಥ ಲ್ಯಾಂಡ್ ನೀಲಿ ಇಲ್ಲದ ಡೆಕ್‌ನಲ್ಲಿ ಕೂರುವುದಿಲ್ಲ. ತೆಗೆದೆ. ಅದೇ ಫ್ಲಡೆಡ್ ಸ್ಟ್ರಾಂಡ್ ಅನ್ನುವ ಲ್ಯಾಂಡ್ ಉಳಿಯಿತು. ಪ್ಲೇನ್ಸ್ ಅಥವಾ ಐಲ್ಯಾಂಡ್ ಹುಡುಕು ಅಂತ ಅದರಲ್ಲಿ ಮಾತಿನಲ್ಲಿದೆ, ಗುರುತಿಲ್ಲ, ತನಗೆ ಆ ಜಾತಿಯೂ ಇಲ್ಲ. ಈಗ ಡೆಕ್ ಕಟ್ಟುವಾಗ ಪ್ರತಿ ಲ್ಯಾಂಡ್‌ನಲ್ಲೂ ಕಂಸದ ಹೊರಗಿನ ಗುರುತು, ಆಮೇಲೆ ಜಾತಿಯ ಸಾಲು, ಎರಡನ್ನೂ ಪೆನ್ಸಿಲ್ ಇಟ್ಟು ನೋಡುತ್ತೇನೆ.

ಜೆರಾಕ್ಸ್ ಕೈಕೊಟ್ಟಿದ್ದು ಡ್ರಯಾಡ್ ಆರ್ಬರ್ ಒಂದರಲ್ಲಿ. 2007ರ ಫ್ಯೂಚರ್ ಸೈಟ್ ಅನ್ನುವ ಕಾರ್ಡ್ ಸೆಟ್‌ನಲ್ಲಿ ಬಂದ ಕಾರ್ಡ್. ಲ್ಯಾಂಡೂ ಹೌದು, ಕ್ರೀಚರೂ ಹೌದು. ಮೂಲೆ ಖಾಲಿ, ಆದರೂ ನಿಜವಾಗಿ ಹಸಿರು. ಮೊದಲ ಮುದ್ರಣದಲ್ಲಿ ಹಸಿರು ಅಂತ ಮಾತಿನಲ್ಲೇ ಬರೆದಿದ್ದರು. ಆಮೇಲಿನವುಗಳಲ್ಲಿ ಜಾತಿಯ ಸಾಲಿನ ಎಡಕ್ಕೆ ಒಂದು ಹಸಿರು ಚುಕ್ಕೆ ಇರುತ್ತದೆ. ಜೆರಾಕ್ಸ್‌ನಲ್ಲಿ ಆ ಚುಕ್ಕೆ ಸುಮ್ನೆ ಬೂದು ಬಣ್ಣದ ಕಲೆಯ ಹಾಗೆ ಕಂಡಿತು. ತಂಗಿಯ ಸ್ಕೆಚ್ ಪೆನ್ ತಂದು ಅದಕ್ಕೆ ಹಸಿರು ತುಂಬಿದೆ. ಈಗ ಆಲ್ ಈಸ್ ಡಸ್ಟ್ ಬಿದ್ದರೆ ಮಾಮನ ಮಗ ಫಾರೆಸ್ಟ್‌ಗಳ ಸಾಲಿನಿಂದ ಅದೊಂದನ್ನು ತಾನೇ ಎತ್ತಿ ಪಕ್ಕಕ್ಕಿಡುತ್ತಾನೆ.