ಪಕ್ಕದ ಕ್ವಾರಿಯವರು ಗಡಿ ದಾಟಿದರೆ ಜಂಟಿ ಸರ್ವೆ ಮಾಡಿಸುವುದು ಹೇಗೆ?

ಕುಷ್ಟಗಿ, ಮುದಗಲ್ ಕಡೆ ಗ್ರಾನೈಟ್ ಲೀಸುಗಳ ಗಡಿ ಜಗಳ ಎದ್ದರೆ ಜನ ಮೊದಲು ಪೊಲೀಸ್ ಠಾಣೆಗೆ ಓಡುತ್ತಾರೆ. ಗಡಿ ಎಲ್ಲಿದೆ ಅಂತ ಪೊಲೀಸರು ಹೇಗೆ ಹೇಳಿಯಾರು? 1957ರ ಗಣಿ ಮತ್ತು ಖನಿಜ ಕಾಯ್ದೆಯ 15ನೇ ಕಲಂ ಪ್ರಕಾರ ಗ್ರಾನೈಟ್, ಮರಳಿನಂಥ ಉಪಖನಿಜಗಳಿಗೆ ನಿಯಮ ಮಾಡುವುದು ರಾಜ್ಯ. ಹಾಗಾಗಿ ಹೋಗಬೇಕಾದದ್ದು ಜಿಲ್ಲೆಯ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ, ಕೇಳಬೇಕಾದದ್ದು ಜಂಟಿ ಸರ್ವೆ, ಅಂದರೆ ಎರಡೂ ಕಡೆಯವರ ಎದುರಲ್ಲೇ ಅಧಿಕಾರಿಗಳು ಮಾಡುವ ಅಳತೆ.

ಮೊದಲು ಲೀಸ್ ಡೀಡು, ಸ್ಕೆಚ್ ಜೋಡಿಸಿ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಜಂಟಿ ಸರ್ವೆ ಬೇಕು ಅಂತಲೇ ಬರೆಯಿರಿ. ಸುಮ್ನೆ 'ಕ್ರಮ ಕೈಗೊಳ್ಳಿ' ಅಂದರೆ ಬಂದು ನೋಡಿ ಹೋಗುತ್ತಾರೆ, ಅಷ್ಟೆ.

ಎಲ್ಲ ಕೆಡುವುದು ಸರ್ವೆ ದಿನ. ಪಕ್ಕದವರಿಗೆ ನೋಟಿಸ್ ಮುಟ್ಟಿದೆಯಾ ನೋಡಿಕೊಳ್ಳಿ, ಇಲ್ಲದಿದ್ದರೆ 'ನಮಗೆ ಗೊತ್ತೇ ಇರಲಿಲ್ಲ' ಅಂತ ಅವರು ಮುಂದೆ ಇಡೀ ಸರ್ವೆಯನ್ನೇ ಬೀಳಿಸಲು ನೋಡುತ್ತಾರೆ. ಅಳತೆ ಎಲ್ಲಿಂದ ಶುರು ಅನ್ನುವುದು ಇನ್ನೂ ಮುಖ್ಯ. ಕ್ವಾರಿ ಅಂಚಿನ ಕಲ್ಲಿನಿಂದ ಬೇಡವೇ ಬೇಡ, ಆ ಕಲ್ಲುಗಳಿಗೆ ರಾತ್ರೋರಾತ್ರಿ ಕಾಲು ಬರುತ್ತವೆ. ಭೂದಾಖಲೆ ಇಲಾಖೆಯ ಸರ್ವೇಯರ್‌ರನ್ನೂ ಕರೆಸಿ, ಟಿಪ್ಪಣಿಯಲ್ಲಿ (ಸರ್ವೆ ನಂಬರಿನ ಮೂಲ ಅಳತೆಯ ದಾಖಲೆ) ಇರುವ ಹಳೇ ಬಾಂದು ಕಲ್ಲಿನಿಂದಲೇ, ಅಂದರೆ ಗಡಿ ಕಲ್ಲಿನಿಂದಲೇ ಅಳತೆ ಹಿಡಿಸಿ. ಉಪಕರಣ ಡಿಜಿಪಿಎಸ್ (ಉಪಗ್ರಹದ ನೆರವಿನಿಂದ ನಿಖರವಾಗಿ ಅಳೆಯುವುದು) ಅಥವಾ ಟೋಟಲ್ ಸ್ಟೇಷನ್ (ದೂರ, ಕೋನ ಅಳೆಯುವ ಸರ್ವೆ ಯಂತ್ರ) ಇರಲಿ. ಮೊಬೈಲ್ ಆ್ಯಪ್ ತೋರಿಸಿ ವಾದ ಮಾಡುವವರು ಜಾಸ್ತಿ, ಅದು ನಾಲ್ಕೈದು ಮೀಟರ್ ಆಚೀಚೆ ತೋರಿಸಿದರೂ ಆಶ್ಚರ್ಯವಿಲ್ಲ. ಗಡಿಯಲ್ಲಿ ಬಿಡಬೇಕಾದ ಜಾಗವೇ 7.5 ಮೀಟರ್!

ಗೆರೆ ಹಾಕಿಸಿ ಸುಮ್ಮನಾಗಬೇಡಿ. ಗುಂಡಿಯ ಉದ್ದ, ಅಗಲ, ಆಳವನ್ನೂ ಅಳೆಸಿ, ಎಷ್ಟು ಕಲ್ಲು ಹೋಗಿದೆ ಅನ್ನುವ ಲೆಕ್ಕಕ್ಕೆ ಅದೇ ಆಧಾರ. ಮಳೆಗಾಲದಲ್ಲಿ ಗುಂಡಿಗೆ ನೀರು ತುಂಬಿದರೆ ಆಳ ಸಿಗುವುದಿಲ್ಲ, ಬೇಸಿಗೆಯಲ್ಲೇ ಮುಗಿಸಿ. ಸ್ಥಳದಲ್ಲಿ ಕಂಡದ್ದನ್ನು ಬರೆದು ಸಹಿ ಹಾಕಿಸುವ ಮಹಜರು ಖಾಲಿ ಇದ್ದರೆ ಸಹಿ ಹಾಕಲೇಬೇಡಿ. ಒಪ್ಪಿಗೆ ಇಲ್ಲದ್ದನ್ನು ಸಹಿಯ ಮೇಲೆ ನಿಮ್ಮ ಕೈಯಾರೆ ಬರೆಯಿರಿ.

ಅಳತೆಯ ಬಲ ಬಳ್ಳಾರಿಯವರಿಗೆ ಗೊತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಅಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಲ್ಲಿಸಿದ ಮೇಲೆ, ಗಡಿ ದಾಟಿದ್ದೆಷ್ಟು ಅಂತ ಸರ್ವೆ ಮಾಡಿಸಿಯೇ ಗಣಿಗಳನ್ನು ಎ, ಬಿ, ಸಿ ಅಂತ ವಿಂಗಡಿಸಿದ್ದು. 2013ರಲ್ಲಿ, ಅತಿ ಹೆಚ್ಚು ಉಲ್ಲಂಘನೆ ಮಾಡಿದ ಸಿ ಗುಂಪಿನ ಲೀಸುಗಳು ರದ್ದಾದವು.

ತೀರ್ಮಾನ ಆಗುವ ತನಕ ಪಕ್ಕದವರು ಅಗೆಯುತ್ತಲೇ ಇದ್ದರೆ? ಕಲ್ಲು ಕ್ವಾರಿಗಳಿಗೂ ಅನ್ವಯಿಸುವ 1961ರ ಲೋಹ ಗಣಿ ನಿಯಮಾವಳಿಯಂತೆ, ತಕರಾರಿರುವ ಕಡೆ ನೀವು ಹೇಳುವ ಗಡಿಯಿಂದಲೂ 7.5 ಮೀಟರ್ ಒಳಗೆ ಅವರು ಕೆಲಸ ಮಾಡುವಂತಿಲ್ಲ. ಇದು ಕೇಂದ್ರದ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ವಿಷಯ, ದೂರು ಅಲ್ಲಿಗೆ.

ಇನ್ನು ದುಡ್ಡು. ಅಕ್ರಮವಾಗಿ ತೆಗೆದ ಕಲ್ಲಿನ ಬೆಲೆಯನ್ನು 1957ರ ಕಾಯ್ದೆಯ 21(5)ನೇ ಕಲಂ ಅಡಿ ವಸೂಲಿ ಮಾಡುವುದು ಸರ್ಕಾರ, ಅದು ಹೋಗುವುದೂ ಖಜಾನೆಗೆ. ನಿಮ್ಮ ನಷ್ಟಕ್ಕೆ ಸಿವಿಲ್ ಕೋರ್ಟೇ ಗತಿ. ಅಲ್ಲಿಗೆ ಹೋಗುವಾಗ ಸರ್ವೆ ಸ್ಕೆಚ್ ಮತ್ತು ಮಹಜರಿನ ದೃಢೀಕೃತ ನಕಲು ಇಟ್ಟುಕೊಳ್ಳಿ, ಜೆರಾಕ್ಸ್ ನಡೆಯುವುದಿಲ್ಲ.