ಒರಳುಕಲ್ಲು ಕಟ್ಟಿ ಬಿಡಿಸಿದ ಎಂಜಿನ್: ಅಪ್ಪ, ನಾನು, ಒಂದು ಹಳೇ ಚೈನ್ ಡೋಜರ್

ಎಂಜಿನ್‌ಗೆ ಕಲ್ಲು ಕಟ್ಟಿ ಜೋಕಾಲಿ ಆಡಿಸ್ತಿದ್ದಾರೆ ಅಂತ ನಮ್ಮೂರಲ್ಲಿ ಎರಡು ತಿಂಗಳು ನಕ್ಕರು. ಮೊದಲು ನಕ್ಕವನು ನನ್ನ ಬಾಮೈದ. ಈಗ ಅವನೇ ಬಂದು ಡೋಜರ್ ಯಾವಾಗ ಬಿಡುವಾಗುತ್ತೆ, ನನ್ನ ಗದ್ದೆ ಒಂದು ಮಟ್ಟ ಮಾಡಿಕೊಡು ಅಂತ ಕೇಳುತ್ತಾನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಸ್ವಲ್ಪ ಕೊಚ್ಚಿಕೊಳ್ಳುತ್ತೇನೆ, ಸಹಿಸಿಕೊಳ್ಳಿ.

ಗಾಡಿ ಅಂದರೆ ಕಬ್ಬಿಣದ ಚೈನ್ ಮೇಲೆ ಓಡಿ, ಮುಂದಿನ ಬ್ಲೇಡಿನಲ್ಲಿ ಮಣ್ಣು ತಳ್ಳುವ ಡೋಜರ್: ಕ್ಯಾಟರ್‌ಪಿಲ್ಲರ್ ಡಿ4, 7ಯು ಸೀರೀಸ್. ಅಂದರೆ 1947ರಿಂದ 1959ರ ನಡುವೆ ಬಂದ ಮಾಡೆಲ್. ನಾಲ್ಕು ಸಿಲಿಂಡರ್, ಬೋರ್ (ಸಿಲಿಂಡರಿನ ಒಳ ಅಗಲ) ನಾಲ್ಕೂವರೆ ಇಂಚು. ಸಕಲೇಶಪುರದ ಕಡೆ ಒಂದು ತೋಟದ ಮೂಲೆಯಲ್ಲಿ ಲಂಟಾನ ಬೆಳೆದು ಮುಚ್ಚಿಕೊಂಡು ನಿಂತಿತ್ತು. 2019ರ ಡಿಸೆಂಬರ್‌ನಲ್ಲಿ ನೋಡಿದೆ. ಗುಜರಿಯವರು ಕಿಲೋ ಲೆಕ್ಕದಲ್ಲಿ ಆಗಲೇ ಮಾತಾಡಿ ಹೋಗಿದ್ದರು. ಅದರ ಮೇಲೆ ಹತ್ತು ಸಾವಿರ ಸೇರಿಸಿ, ಒಟ್ಟು ಒಂದು ಲಕ್ಷ ಅರವತ್ತಕ್ಕೆ ತಗೊಂಡೆ. ಕ್ರೇನ್, ಲಾರಿ, ಪಾಂಡವಪುರದ ನಮ್ಮ ಗ್ಯಾರೇಜ್‌ವರೆಗೆ ತರೋದು ಎಲ್ಲ ಸೇರಿ ಇಪ್ಪತ್ತೈದು ಸಾವಿರದ ಹತ್ತಿರ ಆಯಿತು.

ತಂದದ್ದು ಅಪ್ಪನಿಗೋಸ್ಕರ ಅಂತ ಎಲ್ಲರಿಗೂ ಹೇಳಿದೆ. ಪೂರ್ತಿ ನಿಜ ಅಲ್ಲ. ನನಗೂ ಆಸೆ ಇತ್ತು. ಆದರೆ ಅಪ್ಪ ಎಪ್ಪತ್ತರ ದಶಕದಲ್ಲಿ ಹೇಮಾವತಿ ಕಾಲುವೆ ಕೆಲಸದಲ್ಲಿ ಗುತ್ತಿಗೆದಾರರ ಬಳಿ ಇಂಥದ್ದೇ ಡಿ4 ಓಡಿಸಿದವನು. ಆಮೇಲೆ ಬೆಮೆಲ್ ಕಂಪನಿಯ ಡಿ50 ಡೋಜರ್‌ಗೆ ಹೋದ. ಅದರ ಬಗ್ಗೆ ಅವನಿಗೆ ಅಷ್ಟಕ್ಕಷ್ಟೆ. 'ಗುಂಡಿ ಒತ್ತುದ್ರೆ ಸ್ಟಾರ್ಟ್ ಆಯ್ತದೆ, ಅದ್ರಲ್ಲೇನೈತೆ' ಅನ್ನುತ್ತಾನೆ. ಅವ್ವ ಹೋದ ಮೇಲೆ ಅಪ್ಪ ಮಾತು ಕಡಿಮೆ ಮಾಡಿದ್ದ. ನಾವಿಬ್ಬರೂ ಒಂದೇ ಮನೆಯಲ್ಲಿ ಇದ್ದು ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಲಾರಿಯಿಂದ ಗಾಡಿ ಇಳಿದ ದಿನ ಬಂದು ಸುತ್ತ ಒಂದು ಸಲ ನಡೆದ. ಎಕ್ಸಾಸ್ಟ್ ಪೈಪಿನ ಬಾಯಿ ನೋಡಿದ. 'ಡಬ್ಬ ಮುಚ್ಚಿಲ್ಲ. ನೀರು ಕುಡ್ದದೆ ಕಣ್ಲಾ' ಅಂದು ಒಳಗೆ ಹೋದ.

ಸರಿಯಾಗೇ ಹೇಳಿದ್ದ. ಹೆಡ್ ಬಿಚ್ಚಿದಾಗ ಎರಡನೆಯ ಸಿಲಿಂಡರ್ ತುಂಬಾ ಕೆಂಪು ಕೆಸರು. ಎಕ್ಸಾಸ್ಟ್ ವಾಲ್ವ್ ತೆರೆದ ಸ್ಥಿತಿಯಲ್ಲಿ ಗಾಡಿ ನಿಂತಿತ್ತು, ಮಲೆನಾಡಿನ ಮಳೆ ಎಷ್ಟು ವರ್ಷ ಒಳಗಿಳಿದಿತ್ತೋ. ಅದರ ಪಿಸ್ಟನ್ ತುಕ್ಕಿಗೆ ಕಚ್ಚಿ ಹಿಡಿದಿತ್ತು, ಮೂರನೆಯದೂ ಹಾಗೇ; ಎಂಜಿನ್ ತಿರುಗುತ್ತಲೇ ಇರಲಿಲ್ಲ. ಒಂದು, ನಾಲ್ಕು ಪರವಾಗಿಲ್ಲ.

ಇಲ್ಲಿಂದ ನನ್ನ ದಡ್ಡತನದ ಲೆಕ್ಕ. ಮೊದಲು ಡೀಸೆಲ್ ಸುರಿದು ಹದಿನೈದು ದಿನ ಬಿಟ್ಟೆ. ಏನೂ ಆಗಲಿಲ್ಲ. ಬ್ರೇಕ್ ಆಯಿಲ್ ಹಾಕಿದೆ. ಅದೂ ಇಲ್ಲ. ಆಮೇಲೆ ತಾಳ್ಮೆ ಕೆಟ್ಟು, ಫ್ಲೈವೀಲ್ (ಎಂಜಿನ್ ಹಿಂದಿನ ಭಾರದ ಚಕ್ರ) ಹಲ್ಲಿಗೆ ಜಾಕ್ ಕೊಟ್ಟು ಎತ್ತಿದೆ. ಎರಡು ಹಲ್ಲು ಚಟ್ ಅಂತ ಹಾರಿದವು. ದೊಡ್ಡ ಡೀಸೆಲ್ ಎಂಜಿನ್ ಶುರು ಮಾಡೋಕೆ ಅಂತ ಈ ಗಾಡಿಯಲ್ಲಿ ಒಂದು ಸಣ್ಣ ಪೆಟ್ರೋಲ್ ಎಂಜಿನ್ ಇರುತ್ತೆ, ಅದೇ ಮರಿ ಎಂಜಿನ್; ಅದರ ಪಿನಿಯನ್ (ಸಣ್ಣ ಹಲ್ಲುಚಕ್ರ) ಕೂರೋದು ಅದೇ ಹಲ್ಲಿನ ಮೇಲೆ. ವೆಲ್ಡಿಂಗ್ ತುಂಬಿಸಿ ಕೈಯಲ್ಲೇ ಅರದಿಂದ ಉಜ್ಜಿ ಹಲ್ಲು ತೆಗೆಯೋದಕ್ಕೆ ನಾಲ್ಕು ದಿನ ಹೋಯಿತು. ಪಕ್ಕದ ಊರಿನ ದೊಡ್ಡ ಮೆಕ್ಯಾನಿಕ್ ಒಬ್ಬರು ಬಂದರು. ಪಿಸ್ಟನ್ ಒಡೆದು ತೆಗೆಯಿರಿ, ಬೇರೆ ದಾರಿ ಇಲ್ಲ ಅಂದರು. ಅದಕ್ಕೆ ಎಂಟು ಸಾವಿರ ಕೇಳಿದರು. ಲೈನರ್‌ಗೆ, ಅಂದರೆ ಪಿಸ್ಟನ್ ಓಡಾಡುವ ಕೊಳವೆಗೆ, ಪೆಟ್ಟು ಬಿದ್ದರೆ ಹೊಸದು ಎಲ್ಲಿಂದ ತರೋದು ಅಂದೆ. ಅದು ನಿಮ್ಮ ತಲೆನೋವು ಅಂದರು. ಚಹಾ ಕುಡಿಸಿ ಕಳಿಸಿದೆ.

ಅಷ್ಟರಲ್ಲಿ ಮಾರ್ಚ್ ಬಂತು, ಲಾಕ್‌ಡೌನ್ ಆಯಿತು. ಗ್ಯಾರೇಜ್‌ಗೆ ಗಿರಾಕಿ ಇಲ್ಲ. ಎಂಜಿನ್ ಇಳಿಸಿ ಕಬ್ಬಿಣದ ಚಾನೆಲ್ಲಿನ ಸ್ಟ್ಯಾಂಡ್ ಮೇಲೆ ಕೂರಿಸಿದ್ದೆ. ಒಂದು ಬೆಳಿಗ್ಗೆ ನಾನು ಸುತ್ತಿಗೆ ಹಿಡಿದು ನಿಂತಿರುವಾಗ ಅಪ್ಪ ಬಂದ. 'ಹೊಡೀಬ್ಯಾಡ. ಭಾರ ಕಟ್ಟಿ ಬುಡು. ಅದುಕ್ಕೆ ಮನಸ್ಸು ಬಂದಾಗ ಅದೇ ಬತ್ತದೆ.' ಕಾಲುವೆ ಕೆಲಸದಲ್ಲಿ ಯಾರೋ ಹಳೇ ಮೇಸ್ತ್ರಿ ಹಾಗೆ ಮಾಡಿದ್ದನಂತೆ. ಐವತ್ತು ವರ್ಷ ಅದನ್ನ ಒಂದು ಸಲವೂ ಹೇಳಿರಲಿಲ್ಲ.

ಮಾಡಿದ್ದು ಇಷ್ಟು. ಅಸಿಟೋನ್ ಮತ್ತು ಆಟೋಮ್ಯಾಟಿಕ್ ಗೇರ್ ಬಾಕ್ಸಿಗೆ ಹಾಕುವ ಎಟಿಎಫ್ ಆಯಿಲ್ ಬೆರೆಸಿ ಪಿಸ್ಟನ್ ಮೇಲೆ ಎರಡು ಬೆರಳು ನಿಲ್ಲುವಷ್ಟು ಸುರಿದು, ಮೇಲೆ ರಬ್ಬರ್ ಹಾಳೆ ಮುಚ್ಚಿದೆ. ಮುಚ್ಚದಿದ್ದರೆ ಅಸಿಟೋನ್ ಆರಿ ಹೋಗುತ್ತೆ. ಬೀಡಿ ಸೇದುವವರನ್ನು ಹತ್ತಿರ ಬಿಡಬೇಡಿ. ಇದು ನಿಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿರೋದೇ. ನಾನು ಮೂರನೆಯ ಒಂದು ವಸ್ತು ಸೇರಿಸಿದೆ. ಅದು ಏನು ಅಂತ ಇಲ್ಲಿ ಹೇಳಲ್ಲ, ಎಷ್ಟು ಸೇರಿಸಬೇಕು ಅಂತಲೂ ಹೇಳಲ್ಲ. ಫ್ಲೈವೀಲ್‌ಗೆ ಆರು ಅಡಿ ಚಾನೆಲ್ ಬೋಲ್ಟ್ ಮಾಡಿ, ತುದಿಗೆ ಅವ್ವನ ಒರಳುಕಲ್ಲು ಕಟ್ಟಿ ನೇತು ಹಾಕಿದೆವು. ಸುಮಾರು ನಲವತ್ತೈದು ಕಿಲೋ. ಫ್ಲೈವೀಲ್ ಅಂಚಿಗೆ, ಪಕ್ಕದ ಅಲುಗದ ಹೌಸಿಂಗ್‌ಗೆ ಸೇರಿಸಿ ಸೀಮೆಸುಣ್ಣದಲ್ಲಿ ಒಂದೇ ಗೆರೆ.

ಮೂರು ವಾರ ಆ ಗೆರೆ ಕೂದಲಷ್ಟೂ ಅಲುಗಲಿಲ್ಲ. ಬಾಮೈದನ ಜೋಕಾಲಿ ಜೋಕು ಬಂದದ್ದು ಆಗಲೇ. ನಾನು ಬಿಟ್ಟು ಬಿಡೋಣ ಅಂದುಕೊಂಡಿದ್ದೆ. ಅಪ್ಪ ಮಾತ್ರ ರಾತ್ರಿ ಎರಡು ಸಲ ಎದ್ದು ಟಾರ್ಚ್ ಹಿಡಿದು ನೋಡಿ ಬರುತ್ತಿದ್ದ. ಬಚ್ಚಲಿಗೆ ಹೋಗ್ತೀನಿ ಅಂತ ನೆಪ. ಇಪ್ಪತ್ತಾರನೆಯ ದಿನವೋ ಇಪ್ಪತ್ತೇಳೋ, ನಸುಕಿನಲ್ಲಿ ನನ್ನ ಕಾಲು ಅಲುಗಿಸಿ ಎಬ್ಬಿಸಿದ. ಗೆರೆ ಎರಡು ನೂಲು ಜಾರಿತ್ತು. ಸುಮ್ನೆ ಇಬ್ಬರೂ ನೋಡುತ್ತಾ ನಿಂತೆವು. ಸಂಜೆ ಹೊತ್ತಿಗೆ ಹೆಬ್ಬೆರಳಗಲ. ಒಂದು ವಾರದಲ್ಲಿ ಕಲ್ಲು ನೆಲ ಮುಟ್ಟಿತು.

ಒಮ್ಮೆ ಜಾರಿದ ತಕ್ಷಣ ಪೂರ್ತಿ ತಿರುಗಿಸೋಕೆ ಹೋಗಬೇಡಿ. ತುಕ್ಕಿನ ಮೇಲೆ ಪಿಸ್ಟನ್ ರಿಂಗ್ ಎಳೆದರೆ ಲೈನರ್ ಗೀಚಿ ಹೋಗುತ್ತೆ. ಕಲ್ಲನ್ನು ಆಚೆ ಕಡೆಗೆ ಕಟ್ಟಿ ಹಿಂದೆ, ಮತ್ತೆ ಮುಂದೆ, ನಡುವೆ ಲೈನರ್ ಒರೆಸಿ ಎಣ್ಣೆ. ಹೀಗೆ ಹತ್ತು ದಿನ. ಲೈನರ್ ಉಳಿದವು. ಹೋನ್ ಮಾಡಿಸಿ (ಒಳಮೈ ಉಜ್ಜಿಸಿ), ರಿಂಗ್ ಮಾತ್ರ ಅಮೆರಿಕದಿಂದ ತರಿಸಿದೆ. ಕಸ್ಟಮ್ಸ್ ಸೇರಿ ನಲವತ್ತೆರಡು ಸಾವಿರ. ಬಿಲ್ ನೋಡಿ ನನ್ನ ಹೆಂಡತಿ ಆ ವಾರ ಗ್ಯಾರೇಜ್ ಕಡೆ ಊಟ ಕಳಿಸಲಿಲ್ಲ, ಮನೆಗೇ ಬಂದು ತಿನ್ನಿ ಅಂದಳು.

ನಡುವೆ ಒಂದು ಪ್ರಯೋಗ ಮಾಡಿ ಕೈ ಸುಟ್ಟುಕೊಂಡೆ. ತುಕ್ಕು ತೆಗೆಯೋಕೆ ಕಾಕಂಬಿ ಒಳ್ಳೇದು ಅಂತ ಕೇಳಿದ್ದೆ. ನಮ್ಮ ಕಡೆ ಆಲೆಮನೆಗೆ ಬರ ಇಲ್ಲ. ಚಿಕ್ಕಪ್ಪನ ಮಗನ ಆಲೆಮನೆಯಿಂದ ಎರಡು ಕ್ಯಾನ್ ತಂದು, ಒಂದಕ್ಕೆ ಒಂಬತ್ತು ನೀರು ಸೇರಿಸಿ ಡ್ರಮ್ಮಿನಲ್ಲಿ ಕಬ್ಬಿಣದ ಸಾಮಾನು ಮುಳುಗಿಸಿದೆ. ಮೂರು ವಾರಕ್ಕೆ ಬೋಲ್ಟು, ಬ್ರಾಕೆಟ್, ಲಿವರ್ ಎಲ್ಲ ಬೂದು ಬಣ್ಣಕ್ಕೆ ತಿರುಗಿ ಹೊಸದರ ಹಾಗೆ ಬಂದವು. ವಾಸನೆ ಮಾತ್ರ ಕೇಳಬೇಡಿ. ಪಕ್ಕದ ಮನೆ ಎಮ್ಮೆ ಹಗ್ಗ ಕಿತ್ತುಕೊಂಡು ಬಂದು ಡ್ರಮ್ಮಿಗೆ ಬಾಯಿ ಹಾಕಿತ್ತು. ಗೆದ್ದ ಖುಷಿಯಲ್ಲಿ ಮರಿ ಎಂಜಿನ್ನಿನ ಕಾರ್ಬುರೇಟರ್ ಅನ್ನೂ ಹಾಕಿಬಿಟ್ಟೆ. ಅದು ಕಬ್ಬಿಣ ಅಲ್ಲ ಅನ್ನೋದು ಹೊಳೆಯಲೇ ಇಲ್ಲ. ಹೊರಗೆ ತೆಗೆದಾಗ ಜರಡಿ. ಬೇರೆ ಕಾರ್ಬುರೇಟರ್‌ಗೆ ಹದಿನಾಲ್ಕು ಸಾವಿರ ಹೋಯಿತು. ಅಪ್ಪ ಬಯ್ಯಲಿಲ್ಲ. ಆ ಜರಡಿಯನ್ನು ಗ್ಯಾರೇಜ್ ಬಾಗಿಲಿಗೆ ನೇತು ಹಾಕಿದ. ಈಗಲೂ ಅಲ್ಲೇ ಇದೆ.

ಡೀಸೆಲ್ ಪಂಪಿನ ಕತೆ ಚಿಕ್ಕದು. ಪ್ಲಂಜರ್‌ಗಳು (ಬ್ಯಾರೆಲ್ ಅನ್ನೋ ಗೂಡಿನೊಳಗೆ ಆಡಿ ಡೀಸೆಲ್ ತಳ್ಳುವ ಸಣ್ಣ ಕಡ್ಡಿಗಳು) ಹಳೇ ಡೀಸೆಲ್ಲಿನ ಅಂಟಿಗೆ ಕಚ್ಚಿಕೊಂಡಿದ್ದವು, ಅವನ್ನು ತಿರುಗಿಸುವ ರ್‍ಯಾಕ್ ಅಲುಗುತ್ತಿರಲಿಲ್ಲ. ನೆನೆಸಿ, ಬಿಸಿನೀರಲ್ಲಿ ಇಟ್ಟು, ಕೈಯಲ್ಲೇ ಬಿಡಿಸಿದೆ. ಯಾವ ಪ್ಲಂಜರ್ ಯಾವ ಬ್ಯಾರೆಲ್ಲಿನದು ಅಂತ ಗುರುತು ಮಾಡಿಕೊಳ್ಳಿ, ಅದಲು ಬದಲು ಆದರೆ ಕೆಟ್ಟಿತು.

ಸ್ಟೀರಿಂಗ್ ಕ್ಲಚ್ ನಿಜವಾದ ರಗಳೆ. ಚೈನ್ ಗಾಡಿ ತಿರುಗಿಸೋದು ಒಂದು ಕಡೆಯ ಚೈನಿಗೆ ಹೋಗುವ ಶಕ್ತಿಯನ್ನು ಈ ಕ್ಲಚ್‌ನಿಂದ ಬಿಡಿಸಿ. ಎರಡೂ ಕಡೆ ಪ್ಲೇಟುಗಳು ತುಕ್ಕಿಗೆ ಅಂಟಿಕೊಂಡಿದ್ದವು. ಅಂದರೆ ಗಾಡಿ ನೇರ ಹೋಗುತ್ತೆ, ತಿರುಗಲ್ಲ. ಇದಕ್ಕೂ ಅದೇ ಸೂತ್ರ: ಅವಸರ ಬೇಡ, ಭಾರ ಇರಲಿ. ಕ್ಲಚ್ ಗೂಡಿಗೆ ಸೀಮೆಎಣ್ಣೆ ಹಾಕಿ, ಲಿವರ್ ಎರಡನ್ನೂ ಹಿಂದಕ್ಕೆ ಎಳೆದು ಹಗ್ಗದಲ್ಲಿ ಕಟ್ಟಿ ಒಂದೂವರೆ ತಿಂಗಳು ಬಿಟ್ಟೆ. ಎಂಜಿನ್ ಶುರುವಾದ ಮೇಲೆ ಸೀಮೆಎಣ್ಣೆ ಇಳಿಸಿ, ಬ್ಲೇಡನ್ನು ಮಣ್ಣಿನ ದಿಬ್ಬಕ್ಕೆ ಕೊಟ್ಟು, ಒಂದು ಲಿವರ್ ಎಳೆದು ಆ ಕಡೆಯ ಬ್ರೇಕ್ ಮೇಲೆ ನಿಂತೆ. ಬಲಗಡೆಯದು ನಾಲ್ಕನೇ ಸಲಕ್ಕೆ ಡಬ್ ಅಂತ ಬಿಟ್ಟಿತು. ಎಡಗಡೆಯದು ಬಿಡಲೇ ಇಲ್ಲ. ಬಿಚ್ಚಿ ನೋಡಿದರೆ ಪ್ಲೇಟುಗಳೆಲ್ಲ ಸೇರಿ ಒಂದೇ ರೊಟ್ಟಿ. ಹಾಗಾಗಿ ಈ ವಿಧಾನ ಎಲ್ಲ ಕಡೆ ನಡೆಯುತ್ತೆ ಅಂತ ನಾನು ಹೇಳಲ್ಲ. ಸ್ಟೀಲ್ ಪ್ಲೇಟುಗಳನ್ನು ಕಾಕಂಬಿಗೆ ಹಾಕಿದೆ. ಲೈನಿಂಗ್ ಪ್ಲೇಟುಗಳಿಗೆ ಮೈಸೂರಿನಲ್ಲಿ ಹೊಸ ಲೈನಿಂಗ್ ಅಂಟಿಸಿದೆ, ಒಂಬತ್ತು ಸಾವಿರ.

ಚೈನಿನ ಪಿನ್, ಬುಷ್ ಒಂದು ಪಕ್ಕ ಸವೆದಿದ್ದವು. ತಿರುಗಿಸಿ ಹಾಕಿಸಿದೆವು, ಇನ್ನೊಂದು ಪಕ್ಕದಲ್ಲಿ ಇನ್ನೂ ಜೀವ ಇದೆ. ಪ್ರೆಸ್ ಬಾಡಿಗೆ, ಕೂಲಿ ಸೇರಿ ಮೂವತ್ತೆಂಟು ಸಾವಿರದ ಹತ್ತಿರ. ಬಣ್ಣದ ಬಗ್ಗೆ ಅಪ್ಪನಿಗೂ ನನಗೂ ಜಗಳ. ಅಂಗಡಿಯವನು ಕೊಟ್ಟದ್ದು ಜೆಸಿಬಿ ಹಳದಿ. ಈ ಗಾಡಿಗಳ ಹಳದಿ 1931ರ ಕೊನೆಯಲ್ಲಿ ಬಂದದ್ದು, ಅದಕ್ಕೂ ಮೊದಲು ಬೂದು ಬಣ್ಣ. ಸರಿಯಾದ ಹಳದಿ ಸಿಗದಿದ್ದರೆ ಬೂದು ಹೊಡೆಸೋಣ ಅಂದೆ. 'ಎಮ್ಮೆ ಆಯ್ತದೆ' ಅಂದ. ಕೊನೆಗೆ ಹಳದಿಗೆ ಸ್ವಲ್ಪ ಕೆಂಪು ಬೆರೆಸಿ ನಾವೇ ಮಾಡಿಕೊಂಡೆವು.

2022ರ ಆಯುಧಪೂಜೆ ದಿನ ಸ್ಟಾರ್ಟ್ ಮಾಡ್ತೀನಿ ಅಂತ ಊರೆಲ್ಲ ಹೇಳಿಬಿಟ್ಟಿದ್ದೆ. ಐವತ್ತು ಜನ ಸೇರಿದರು. ಕುಂಬಳಕಾಯಿ ಒಡೆದೆವು. ಮರಿ ಎಂಜಿನ್ ಶುರುವಾಗಿ ಎರಡು ನಿಮಿಷ ಕೆಮ್ಮಿ ನಿಂತಿತು. ಮತ್ತೆ ಬರಲಿಲ್ಲ. ಬಾಮೈದ ಚುರುಮುರಿ ತಿನ್ನುತ್ತಾ ನಿಂತಿದ್ದ, ಅದು ಇನ್ನೂ ಕಣ್ಣಲ್ಲಿದೆ. ದೋಷ ಕಿಡಿ ಕೊಡುವ ಮ್ಯಾಗ್ನೆಟೋ ಕಾಯಿಲಿನದು, ಬಿಸಿಯಾದರೆ ಕಿಡಿ ಸಾಯುತ್ತಿತ್ತು. ಮಂಡ್ಯದಲ್ಲಿ ಹಳೇ ಪಂಪ್‌ಸೆಟ್ ವೈಂಡಿಂಗ್ ಮಾಡುವವರೊಬ್ಬರು ಸುತ್ತಿಕೊಟ್ಟರು, ಏಳುನೂರು ರೂಪಾಯಿ.

ಹನ್ನೆರಡು ದಿನ ಆದ ಮೇಲೆ ಒಂದು ಮಧ್ಯಾಹ್ನ ಗ್ಯಾರೇಜಿನಲ್ಲಿ ನಾವಿಬ್ಬರೇ. ಮರಿ ಎಂಜಿನ್ ಎದ್ದಿತು. ನಾನು ಆತುರದಲ್ಲಿ ಡೀಸೆಲ್ ತೆರೆಯೋಕೆ ಹೋದೆ. ಅಪ್ಪ ಕೈ ಹಿಡಿದ. ಕಂಪ್ರೆಷನ್ ಬಿಟ್ಟು (ಸಿಲಿಂಡರ್ ಒಳಗೆ ಗಾಳಿ ಒತ್ತದ ಹಾಗೆ) ದೊಡ್ಡ ಎಂಜಿನ್ ಸುಮ್ನೆ ತಿರುಗಲಿ, ಆಯಿಲ್ ಒತ್ತಡದ ಮುಳ್ಳು ಏಳಲಿ, ಮರಿಯ ಹೊಗೆ ದೊಡ್ಡದರ ಮ್ಯಾನಿಫೋಲ್ಡ್ ಬಿಸಿ ಮಾಡಲಿ ಅಂದ. ಎರಡಕ್ಕೂ ನೀರು ಒಂದೇ ಅಲ್ವಾ, ಅದೂ ಬೆಚ್ಚಗಾಗಬೇಕು. ಹತ್ತು ನಿಮಿಷ ಹಾಗೇ ಬಿಟ್ಟ. ಆಮೇಲೆ ಕಂಪ್ರೆಷನ್ ಲಿವರ್ ತಾನೇ ಹಾಕಿದ, ಡೀಸೆಲ್ ನಾನು ಬಿಟ್ಟೆ. ಬಿಳಿ ಹೊಗೆ, ಒಂದು ಸಿಲಿಂಡರ್, ಎರಡು, ಆಮೇಲೆ ನಾಲ್ಕೂ. ಅಪ್ಪ ಸೀಟಿಗೆ ಹತ್ತಿದ. ಎಪ್ಪತ್ತಾರು ವರ್ಷ, ಮಂಡಿ ನೋವು ಬೇರೆ. ಇಳಿಸೋಕೆ ಅರ್ಧ ಗಂಟೆ ಆಯಿತು, ಇಳಿಯೋಕೆ ಒಪ್ಪಲಿಲ್ಲ.

ಒಟ್ಟು ಖರ್ಚು ನನ್ನ ನೆನಪಿನ ಪ್ರಕಾರ ಐದು ಲಕ್ಷದ ಆಚೀಚೆ. ನಮ್ಮ ಕೂಲಿ ಸೇರಿಸಿಲ್ಲ. ಈಗ ದುಡಿದದ್ದು ಅರವತ್ತು ಸಾವಿರ ಇರಬಹುದು, ಗದ್ದೆ ಮಟ್ಟ ಮಾಡಿದ್ದು, ಒಂದು ಕೆರೆ ಏರಿ ಕೆಲಸ. ಎಡಗಡೆ ಫೈನಲ್ ಡ್ರೈವ್ (ಚೈನ್ ತಿರುಗಿಸುವ ಕೊನೆಯ ಗೇರ್) ಸೀಲ್ ಇನ್ನೂ ಸೋರುತ್ತೆ, ವಾರಕ್ಕೆ ಅರ್ಧ ಲೀಟರ್. ಅದಕ್ಕೆ ಪರಿಹಾರ ಗೊತ್ತಿದ್ದವರು ಹೇಳಿ, ಬದಲಿಗೆ ಆ ಮೂರನೆಯ ವಸ್ತು ಏನು ಅಂತ ಹೇಳ್ತೀನಿ.

ಹೋದ ತಿಂಗಳು ಅರಸೀಕೆರೆ ಕಡೆ ಒಂದು ಇಂಟರ್‌ನ್ಯಾಷನಲ್ ಕಂಪನಿಯ ಟಿಡಿ-6 ಚೈನ್ ಗಾಡಿ ನಿಂತಿದೆ ಅಂತ ಸುದ್ದಿ ಬಂತು. ಅದಕ್ಕೆ ಮರಿ ಎಂಜಿನ್ ಇಲ್ಲ. ಅದೇ ಎಂಜಿನ್ ಪೆಟ್ರೋಲ್‌ನಲ್ಲಿ ಶುರುವಾಗಿ ಡೀಸೆಲ್‌ಗೆ ಹೊರಳುತ್ತೆ. ಅಪ್ಪ ಅಂಥದ್ದು ಓಡಿಸಿಲ್ಲ, ಹಾಗಾಗಿ ಆಸೆ ಜಾಸ್ತಿ. ನೋಡಿ ಬಂದು ಹೇಳಿದೆ. ಅಪ್ಪ ರೇಟ್ ಕೇಳಲಿಲ್ಲ, ಚೈನ್ ಹೇಗಿದೆ ಅಂತಲೂ ಕೇಳಲಿಲ್ಲ.

'ಎಕ್ಸಾಸ್ಟ್‌ಗೆ ಡಬ್ಬ ಇತ್ತೇನ್ಲಾ?'

ಇತ್ತು ಅಂದೆ. ಮುಂದಿನ ಭಾನುವಾರ ಇಬ್ಬರೂ ಹೋಗುತ್ತಿದ್ದೇವೆ. ಯಾರ ಬಳಿಯಾದರೂ ಟಿಡಿ-6ರ ರೋಲರ್ ಬುಷ್ ಇದ್ದರೆ ಗುಜರಿಗೆ ಹಾಕಬೇಡಿ, ನನಗೆ ತಿಳಿಸಿ.