ಒಂದೇ ಗಿಡ, ಎರಡು ಬಗೆಯ ಎಲೆ: ಲ್ಯಾಜೆನಾಂಡ್ರ ಬೆಳೆಸುವುದು ಹೀಗೆ

ಅಂಗಡಿಯಿಂದ ಚೆಂದದ ಗಿಡ ತಂದು ಅಕ್ವೇರಿಯಂನಲ್ಲಿ ನೆಟ್ಟಿರುತ್ತೀರಿ. ಹತ್ತು ದಿನ ಕಳೆಯುವಷ್ಟರಲ್ಲಿ ಎಲೆಗಳೆಲ್ಲ ಕೊಳೆತು ಲೋಳೆ. ನೀರು ಸರಿಯಿಲ್ಲ ಅನ್ನುತ್ತೇವೆ, ಇಲ್ಲವೇ ಅಂಗಡಿಯವನನ್ನು ಬೈಯುತ್ತೇವೆ. ಬಹಳ ಸಲ ಎರಡೂ ಕಾರಣವಲ್ಲ. ಆ ಗಿಡ ನರ್ಸರಿಯಲ್ಲಿ ನೀರಿನ ಮೇಲೆ ಬೆಳೆದದ್ದು, ಅಂದರೆ ಬೇರು ಒದ್ದೆಯಲ್ಲಿ, ಎಲೆ ಗಾಳಿಯಲ್ಲಿ. ಆ ಎಲೆ ನೀರಿನೊಳಗೆ ಬಾಳುವುದಿಲ್ಲ. ನೀರಿನ ಮೇಲಾದರೆ ಬೇಗ ಬೆಳೆಯುತ್ತದೆ, ಪಾಚಿ ಕಟ್ಟುವುದಿಲ್ಲ, ಬಸವನಹುಳುವಿನ ಕಾಟವೂ ಇಲ್ಲ. ಅದಕ್ಕೇ ನರ್ಸರಿಯವರು ಹಾಗೆ ಬೆಳೆಸುತ್ತಾರೆ.

ಒಂದೇ ಗಿಡವನ್ನು ನೀರಿನ ಮೇಲೂ ಒಳಗೂ ಬೆಳೆಸುವುದನ್ನು ಕಲಿಯಲು ಲ್ಯಾಜೆನಾಂಡ್ರ ಮೀಬೋಲ್ಡಿಗಿಂತ ಒಳ್ಳೆಯ ಗಿಡ ನನಗೆ ಸಿಕ್ಕಿಲ್ಲ. ಜರ್ಮನಿಯ ಸಸ್ಯಶಾಸ್ತ್ರಜ್ಞ ಆಲ್ಫ್ರೆಡ್ ಮೀಬೋಲ್ಡ್ ಹೆಸರು ಹೊತ್ತಿದ್ದರೂ ಇದು ನಮ್ಮದೇ ಪಶ್ಚಿಮ ಘಟ್ಟದ ಗಿಡ, ಕೆಸುವಿನ ಬಳಗದ್ದು. ತೊರೆಯ ಅಂಚಿನಲ್ಲಿ ಬೇರೂರಿರುತ್ತದೆ. ಮಳೆಗಾಲದಲ್ಲಿ ಹಳ್ಳ ಉಕ್ಕಿದರೆ ಮುಳುಗುತ್ತದೆ, ಬೇಸಿಗೆಯಲ್ಲಿ ನೀರಿಳಿದರೆ ಕೆಸರಿನಲ್ಲಿ ನಿಲ್ಲುತ್ತದೆ. ಕೆಂಪು ಛಾಯೆಯ ತಳಿ ಈಗ 'ರೆಡ್' ಎಂಬ ಹೆಸರಿನಲ್ಲಿ ವಿದೇಶಿ ನರ್ಸರಿಗಳ ಪಟ್ಟಿ ಸೇರಿದೆ. ಹಾಗೆಂದು ಮಲೆನಾಡಿಗೆ ಹೋದಾಗ ಹಳ್ಳದಿಂದ ಕಿತ್ತು ತರಬೇಡಿ. ಘಟ್ಟದ ಹೊರಗೆ ಎಲ್ಲೂ ತಾನಾಗಿ ಬೆಳೆಯದ ಗಿಡ ಅದು. ಟಿಶ್ಯೂ ಕಲ್ಚರ್ ಕಪ್ (ಪ್ರಯೋಗಾಲಯದಲ್ಲಿ ಜೆಲ್ಲಿಯ ಮೇಲೆ ಬೆಳೆಸಿ ಮುಚ್ಚಿದ ಕಪ್‌ನಲ್ಲಿ ಮಾರುವ ಗಿಡ) ಇಲ್ಲವೇ ಗೆಳೆಯರ ಟ್ಯಾಂಕಿನ ಒಂದು ತುಂಡು ಸಾಕು.

ಕೊಳ್ಳುವಾಗ ಸುರುಳಿ ನೋಡಿ

ಇದೇ ಬಳಗದ ಕ್ರಿಪ್ಟೊಕೊರೈನ್ ನೋಡಲು ಹೆಚ್ಚುಕಮ್ಮಿ ಹೀಗೇ ಇರುತ್ತದೆ. ಗುರುತಿಸಲು ಆಗಷ್ಟೇ ಬಿಚ್ಚಿಕೊಳ್ಳುತ್ತಿರುವ ಎಳೆಯ ಎಲೆ ನೋಡಿ. ಕ್ರಿಪ್ಟೊಕೊರೈನ್ ಎಲೆ ಕಡಲೆಕಾಯಿ ಪೊಟ್ಟಣದ ಹಾಗೆ ಒಂದೇ ಸುತ್ತಾಗಿರುತ್ತದೆ, ಒಂದು ಅಂಚು ಒಳಗೆ, ಇನ್ನೊಂದು ಅದರ ಮೇಲೆ. ಲ್ಯಾಜೆನಾಂಡ್ರದ ಎಲೆ ಎರಡೂ ಅಂಚಿನಿಂದ ನಡುನರದ ಕಡೆಗೆ ಸುತ್ತಿಕೊಂಡಿರುತ್ತದೆ, ಹಳೆಯ ಜಾತಕವನ್ನು ಎರಡೂ ತುದಿಯಿಂದ ಸುತ್ತಿಟ್ಟಂತೆ. ಇದೊಂದು ತಿಳಿದಿದ್ದರೆ ಯಾರೂ ಟೋಪಿ ಹಾಕಲಾರರು.

ಮೊದಲು ನೀರಿನ ಮೇಲೆ

ಹೆಚ್ಚಿನವರು ಗಿಡ ತಂದ ದಿನವೇ ಟ್ಯಾಂಕಿಗೆ ಇಳಿಸುತ್ತಾರೆ. ನಾನು ಹೇಳುವುದು ಇದರ ತದ್ವಿರುದ್ಧ: ಮೊದಲು ಡಬ್ಬಿಯಲ್ಲಿ ಬೆಳೆಸಿ. ಅಲ್ಲಿ ತಾಯಿಗಿಡ ಗಟ್ಟಿಯಾಗಿ ಕೂತರೆ ಟ್ಯಾಂಕಿನಲ್ಲಿ ಏನೇ ಎಡವಟ್ಟಾದರೂ ಕೈಯಲ್ಲಿ ಬಂಡವಾಳ ಉಳಿದಿರುತ್ತದೆ.

ಮುಚ್ಚಳವಿರುವ, ಒಂದಡಿ ಎತ್ತರದ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಳ್ಳಿ. ಬಿರುಕು ಬಿಟ್ಟ ಹಳೆಯ ಟ್ಯಾಂಕಿದ್ದರೆ ಇನ್ನೂ ಒಳ್ಳೆಯದು. ತಳಕ್ಕೆ ಎರಡು ಇಂಚು ಅಕ್ವಾ ಸಾಯಿಲ್ (ಅಕ್ವೇರಿಯಂ ಗಿಡಗಳಿಗೆಂದೇ ಮಾರುವ ಮಣ್ಣು) ಹಾಕಿ. ಅಷ್ಟು ದುಡ್ಡು ಸುರಿಯಲು ಮನಸ್ಸಿಲ್ಲದವರು ಜರಡಿ ಹಿಡಿದ ಕೆಮ್ಮಣ್ಣಿಗೆ ಅಷ್ಟೇ ತೊಳೆದ ಮರಳು ಬೆರೆಸಿದರೆ ನಡೆಯುತ್ತದೆ. ನನ್ನ ಡಬ್ಬಿಯಲ್ಲಿರುವುದು ಅದೇ. ಹಸಿ ಗೊಬ್ಬರ ಮಾತ್ರ ಬೇಡ, ಬೂಸ್ಟು ಹಿಡಿಯುತ್ತದೆ. ನೀರು ಮಣ್ಣಿನ ಮಟ್ಟಕ್ಕಿಂತ ಅರ್ಧ ಇಂಚು ಕೆಳಗಿರಲಿ.

ಟಿಶ್ಯೂ ಕಲ್ಚರ್ ಕಪ್ಪಿನ ಗಿಡವಾದರೆ ಬೇರಿಗಂಟಿದ ಜೆಲ್ಲಿಯನ್ನು ಹರಿಯುವ ನೀರಿನಲ್ಲಿ ಚೂರೂ ಉಳಿಯದಂತೆ ತೊಳೆಯಿರಿ. ಬೇರು ಮಣ್ಣಿನೊಳಗೆ, ದಪ್ಪನೆಯ ಗೆಡ್ಡೆಯ ತುದಿ ಮಣ್ಣಿನ ಮೇಲೆ. ಗೆಡ್ಡೆ ಹೂತರೆ ಕೊಳೆಯಿತೆಂದೇ ತಿಳಿಯಿರಿ. ಮೇಲೆ ಸಣ್ಣ ಎಲ್‌ಇಡಿ ದೀಪ ಹಾಕಿ ದಿನಕ್ಕೆ 10 ತಾಸು ಉರಿಸಿ. ನೇರ ಬಿಸಿಲಿಗೆ ಇಟ್ಟರೆ ಮುಚ್ಚಿದ ಡಬ್ಬಿ ಇಡ್ಲಿ ಪಾತ್ರೆಯಾಗುತ್ತದೆ.

ಮುಚ್ಚಳದ ವಿಷಯದಲ್ಲಿ ಆತುರ ಸಲ್ಲದು. ನೀರಿನಲ್ಲೋ ಕಪ್ಪಿನಲ್ಲೋ ಬೆಳೆದ ಎಲೆಯ ಮೇಲೆ ತೇವ ಹಿಡಿದಿಡುವ ಮೇಣದ ಪದರ ಬಹಳ ತೆಳುವು. ಒಣಗಾಳಿ ತಾಗಿದರೆ ನೋಡನೋಡುತ್ತಲೇ ಜೋತುಬೀಳುತ್ತದೆ. ಒಂದು ಏಪ್ರಿಲ್‌ನಲ್ಲಿ ಫೋಟೊ ತೆಗೆಯೋಣವೆಂದು ಮುಚ್ಚಳ ಸರಿಸಿ, ಫೋನ್ ಬಂತೆಂದು ಒಳಗೆ ಹೋದವನು ಒಂದು ತಾಸು ಬಿಟ್ಟು ಬಂದೆ. ಎಲೆಗಳೆಲ್ಲ ಬಾಡಿದ ಸೊಪ್ಪಾಗಿದ್ದವು. ಗೆಡ್ಡೆ ಉಳಿದದ್ದರಿಂದ ಗಿಡ ಮತ್ತೆ ಚಿಗುರಿತು, ಒಂದು ತಿಂಗಳು ಹಿಡಿಯಿತು ಅಷ್ಟೇ. ಮೊದಲ ಎರಡು ವಾರ ಮುಚ್ಚಳ ಬಿಗಿಯಾಗಿರಲಿ, ದಿನಕ್ಕೊಮ್ಮೆ ಎರಡು ನಿಮಿಷ ತೆರೆದು ಗಾಳಿ ಬದಲಿಸಿದರೆ ಸಾಕು. ಹೊಸ ಎಲೆ ಬಂದ ಮೇಲೆ ಬೆರಳು ತೂರುವಷ್ಟು ಸಂದು ಬಿಡಿ, ವಾರ ವಾರ ಅದನ್ನು ಹಿಗ್ಗಿಸುತ್ತ ಹೋಗಿ. ಮಡಿಕೇರಿ, ಆಗುಂಬೆಯ ಕಡೆಯವರಿಗೆ ಜುಲೈನಲ್ಲಿ ಮುಚ್ಚಳದ ಚಿಂತೆಯೇ ಬೇಡ.

ಗೊಬ್ಬರದಂಗಡಿಯಲ್ಲಿ ಸಿಗುವ, ನೀರಿನಲ್ಲಿ ಕರಗುವ 19:19:19 ಗೊಬ್ಬರವನ್ನು (ಸಾರಜನಕ, ರಂಜಕ, ಪೊಟ್ಯಾಷ್ ಸಮಪ್ರಮಾಣದಲ್ಲಿರುವುದು) ಲೀಟರಿಗೆ ಕಾಲು ಗ್ರಾಮಿನಷ್ಟು ಬೆರೆಸಿ ಹದಿನೈದು ದಿನಕ್ಕೊಮ್ಮೆ ಸಿಂಪಡಿಸಿ. ಇದು ಡಬ್ಬಿಗೆ ಮಾತ್ರ. ಮೀನಿರುವ ಟ್ಯಾಂಕಿಗೆ ಹಾಕಿದರೆ ಅದರ ಅಮೋನಿಯ ಮೀನುಗಳ ಜೀವಕ್ಕೇ ಕುತ್ತು.

ಆಮೇಲೆ ನೀರಿನೊಳಗೆ

ಗೆಡ್ಡೆ ಎರಡು ಮೂರು ಇಂಚು ಬೆಳೆದ ಮೇಲೆ ಹೊಸ ಬ್ಲೇಡಿನಿಂದ ಒಂದು ತುಂಡು ಕತ್ತರಿಸಿ. ತುಂಡಿಗೆ ಮೂರು ನಾಲ್ಕು ಎಲೆ, ಒಂದಿಷ್ಟು ಬೇರು ಇರಬೇಕು. ಕೆಸುವಿನ ಬಳಗವಲ್ಲವೇ, ರಸ ತಾಗಿದರೆ ಕೈ ತುರಿಸಬಹುದು. ಗ್ಲೌಸ್ ಹಾಕಿಕೊಳ್ಳಿ, ಮಕ್ಕಳ ಬಾಯಿಗೆ ಸಿಗದಂತೆ ನೋಡಿಕೊಳ್ಳಿ.

ಬೇರನ್ನು ಒಂದೂವರೆ ಇಂಚಿಗೆ ಕತ್ತರಿಸಿ, ದೊಡ್ಡ ಎಲೆಗಳಲ್ಲಿ ಅರ್ಧದಷ್ಟು ತೆಗೆದುಬಿಡಿ. ಹೇಗಿದ್ದರೂ ಕೊಳೆಯುವ ಎಲೆಗಳವು. ಗಾಳಿಯಲ್ಲಿ ಎಲೆಗೆ ಕಾರ್ಬನ್ ಡೈಆಕ್ಸೈಡ್ ಸುಲಭವಾಗಿ ಸಿಗುತ್ತದೆ. ನೀರಿನಲ್ಲಿ ಅದು ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಮೇಣ ಮೆತ್ತಿದ ದಪ್ಪ ಎಲೆಗೆ ಅಲ್ಲಿ ಉಸಿರು ಕಟ್ಟಿದಂತೆಯೇ. ಅದಕ್ಕೇ ಗಿಡ ಹಳೆಯದನ್ನು ಬಿಟ್ಟುಕೊಟ್ಟು, ಅದರ ಸಾರ ಹೀರಿ ತೆಳ್ಳನೆಯ ಹೊಸ ಎಲೆ ತೆಗೆಯುತ್ತದೆ. ಒಮ್ಮೆ ಗಾಳಿಗೆಂದು ಬಂದ ಎಲೆ ನೀರಿನ ಎಲೆಯಾಗಿ ಬದಲಾಗುವುದಿಲ್ಲ. ಹಾಗಾಗಿ ನೀವು ನೋಡಬೇಕಾದದ್ದು ಗೆಡ್ಡೆಯ ತುದಿಯನ್ನು. ಒತ್ತಿದಾಗ ಅದು ಗಟ್ಟಿಯಾಗಿದ್ದರೆ ಎಲೆ ಪೂರ್ತಿ ಹೋದರೂ ಕಿತ್ತೆಸೆಯಬೇಡಿ. ಕರಗಿದ ಎಲೆಗಳನ್ನು ಮಾತ್ರ ಆಗಾಗ ತೆಗೆದುಹಾಕಿ, ಇಲ್ಲದಿದ್ದರೆ ನೀರು ಕೆಡುತ್ತದೆ.

ನೆಡುವುದು ಮೊದಲಿನಂತೆಯೇ, ಗೆಡ್ಡೆಯ ತುದಿ ಹೊರಗೆ. ಬೇರಿನ ಪಕ್ಕ ಅಕ್ವೇರಿಯಂ ಗಿಡಕ್ಕೆಂದೇ ಸಿಗುವ ಒಂದು ಗೊಬ್ಬರದ ಗುಳಿಗೆ ಹುದುಗಿಸಿ. ಮೊದಲ ತಿಂಗಳು ದೀಪ ಆರೇ ತಾಸು. ನಿಧಾನಕ್ಕೆ ಬೆಳೆಯುವ ಗಿಡವಾದ್ದರಿಂದ ಬೆಳಕು ಹೆಚ್ಚಿದರೆ ಎಲೆಯ ಮೇಲೆ ಪಾಚಿಯೇ ಗೆಲ್ಲುತ್ತದೆ. ವಾರಕ್ಕೊಮ್ಮೆ ಮೂರನೇ ಒಂದು ಭಾಗ ನೀರು ಬದಲಿಸಿ, ನಲ್ಲಿ ನೀರಾದರೆ ಕ್ಲೋರಿನ್ ತೆಗೆದೇ ಹಾಕಿ. ಉಷ್ಣಾಂಶ 22ರಿಂದ 28 ಡಿಗ್ರಿ. ಸಿಲಿಂಡರ್ ಇಟ್ಟು ಕಾರ್ಬನ್ ಡೈಆಕ್ಸೈಡ್ ಬಿಟ್ಟರೆ ಬೇಗ ಬೆಳೆಯುತ್ತದೆ, ಆದರೆ ಈ ಗಿಡಕ್ಕಾಗಿಯೇ ಸಿಲಿಂಡರ್ ಕೊಳ್ಳುವುದು ದಂಡ.

ಎರಡು ಮೂರು ವಾರಕ್ಕೆ ಮೊದಲ ಸುರುಳಿ ಕಾಣುತ್ತದೆ. ಆಗ 'ಅಲ್ಲಿ ಇನ್ನೂ ಚೆನ್ನಾಗಿ ಕಾಣುತ್ತೇನೋ' ಎಂದು ಕಿತ್ತು ಬೇರೆ ಕಡೆ ನೆಟ್ಟರೆ ಮೊದಲಿನಿಂದ ಶುರು.

ಟ್ಯಾಂಕಿನ ಗಿಡ ಹೂ ಬಿಡುತ್ತದೆಂದು ಕಾಯಬೇಡಿ. ಅದಕ್ಕೆ ಡಬ್ಬಿಯ ತಾಯಿಗಿಡವೇ ಆಗಬೇಕು. ಹಾಗೆಯೇ, ಕತ್ತರಿಸುವಾಗ ಉಳಿಯುವ ಎಲೆಯಿಲ್ಲದ ಬೋಳು ಗೆಡ್ಡೆ ತುಂಡುಗಳನ್ನು ಕಸಕ್ಕೆ ಹಾಕಬೇಡಿ. ಒದ್ದೆ ಮಾಸ್ (ನೆಲಪಾಚಿ) ಮೇಲೆ ಅಡ್ಡ ಮಲಗಿಸಿ ಮುಚ್ಚಳ ಹಾಕಿಟ್ಟರೆ ಕಣ್ಣುಗಳು ಒಡೆದು ಮರಿಗಿಡಗಳು ಏಳುತ್ತವೆ.